ದುಗ್ಧನಾಳದ ‘ಬಟನ್’, ‘ಜಿಪ್ಪರ್’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದುಗ್ಧನಾಳಗಳ (ಲಿಂಫ್ ನಾಳಗಳ) ಬಗ್ಗೆ ಬರೆಯುತ್ತಾ ಎರಡು ಪದಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ: ಬಟನ್ ಜಂಕ್ಷನ್, ಜಿಪ್ಪರ್ ಜಂಕ್ಷನ್. ಎರಡೂ ಈ ನಾಳಗಳ ಗೋಡೆಯ ಜೀವಕೋಶಗಳು ಒಂದಕ್ಕೊಂದು ಅಂಟಿಕೊಳ್ಳುವ ಬಗೆಗಳು.

ಅಂಗಾಂಶದಲ್ಲಿ ಉಳಿದ ದ್ರವವನ್ನು ಹೀರುವುದು ದುಗ್ಧನಾಳಗಳ ತುದಿಯ ಕವಲುಗಳು. ಅಲ್ಲಿ ಒಂದು ಜೀವಕೋಶ ಪಕ್ಕದ್ದಕ್ಕೆ ಅಲ್ಲಲ್ಲಿ ಮಾತ್ರ ಅಂಟಿರುತ್ತದೆ, ಅಂಗಿಗೆ ಗುಂಡಿ ಹಾಕಿದ ಹಾಗೆ. ನಡುವಿನ ಅಂಚುಗಳು ಒಂದರ ಮೇಲೊಂದು ಕವಿದಿರುತ್ತವೆ. ಹೊರಗೆ ಒತ್ತಡ ಏರಿದರೆ ಅವು ಸರಿದು ದಾರಿ ಬಿಡುತ್ತವೆ, ಒಳಗೆ ಏರಿದರೆ ಮುಚ್ಚಿಕೊಳ್ಳುತ್ತವೆ. ಮುಂದಿನ ದೊಡ್ಡ ನಾಳಗಳದು ಬರೀ ಸಾಗಣೆ. ಅಲ್ಲಿ ಅಂಚಿನುದ್ದಕ್ಕೂ ಬಿಡುವಿಲ್ಲದ ಜೋಡಣೆ, ಅದೇ ಜಿಪ್ಪರ್. ಇಲಿಗಳ ಶ್ವಾಸನಾಳದಲ್ಲಿ ಕಂಡ ಈ ವ್ಯತ್ಯಾಸ 2007ರಲ್ಲಿ ಪ್ರಕಟವಾಯಿತು.

ಮೊದಲು ನಾನು ‘ಸಡಿಲ ಸಂಧಿ’, ‘ಬಿಗಿ ಸಂಧಿ’ ಎಂದು ಬರೆದೆ. ಆಮೇಲೆ ಹೊಡೆದುಹಾಕಿದೆ. ಬಟನ್ ಸಡಿಲವಲ್ಲ. ವಿಇ-ಕ್ಯಾಡ್ಹೆರಿನ್, ಕ್ಲಾಡಿನ್-5 ಮುಂತಾದ ಅಂಟುವ ಪ್ರೋಟೀನುಗಳು ಎರಡರಲ್ಲೂ ಅವೇ. ದ್ರವ ಒಳನುಗ್ಗುವಾಗಲೂ ಗುಂಡಿ ಬಿಚ್ಚುವುದಿಲ್ಲ, ಸರಿಯುವುದು ನಡುವಿನ ಅಂಚು. ಅಲ್ಲದೆ ‘ಬಿಗಿ ಸಂಧಿ’ ಎಂಬುದು ಜೀವಕೋಶಗಳ ನಡುವಿನ ಇನ್ನೊಂದು ಬಗೆಯ ಜೋಡಣೆಯಾದ ಟೈಟ್ ಜಂಕ್ಷನ್‌ಗೆ ಬೇಕಾದ ಪದ.

‘ಸಡಿಲ’ದಿಂದ ಇನ್ನೂ ದೊಡ್ಡ ಎಡವಟ್ಟು ಆಗುವುದು ರೋಗದ ವಿಷಯ ಬಂದಾಗ. ಉರಿಯೂತದಲ್ಲಿ ರಕ್ತನಾಳದ ಜೋಡಣೆ ಬಿಟ್ಟುಕೊಂಡು ದ್ರವ ಸೋರುತ್ತದೆ, ಬಾವು ಬರುತ್ತದೆ. ಹಾಗಾಗಿ ‘ಸಡಿಲವಾದರೆ ಕೇಡು’ ಎಂದು ಓದುಗರು ಎಣಿಸುವುದು ಸಹಜ. ದುಗ್ಧನಾಳದ ತುದಿಯಲ್ಲಿ ಇದು ತಿರುವುಮುರುವು. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿದ ಇಲಿಗಳ ಶ್ವಾಸನಾಳದಲ್ಲಿ ಬಟನ್‌ಗಳು ಜಿಪ್ಪರ್‌ಗಳಾದವು. ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಎಂಬ ಔಷಧ ಕೊಟ್ಟಾಗ ಮತ್ತೆ ಬಟನ್‌ಗಳಾದವು. ಸೋರಿದ್ದನ್ನು ಹೀರಬೇಕಾದ ಬಾಗಿಲೇ ಮುಚ್ಚಿದರೆ ಬಾವು ಇಳಿಯುವುದು ಹೇಗೆ? ಕರುಳಿನಲ್ಲಿ ಮಾತ್ರ ಇದರ ಫಲ ಬೇರೆಯೇ. ಕೊಬ್ಬು ಹೀರುವ ಅಲ್ಲಿನ ದುಗ್ಧನಾಳಗಳಿಗೆ ಜಿಪ್ಪರ್ ಬಿದ್ದ ಇಲಿಗಳು ಕೊಬ್ಬಿನ ಆಹಾರ ತಿಂದರೂ ದಪ್ಪವಾಗಲಿಲ್ಲ ಎಂದು 2018ರ ಅಧ್ಯಯನ ತೋರಿಸಿತು.

(‘ದುಗ್ಧ’ ಎಂದರೆ ಹಾಲು. ಆ ಹೆಸರು ನಿಜವಾಗಿ ಒಪ್ಪುವುದೂ ಕೊಬ್ಬು ಹೀರಿ ಬೆಳ್ಳಗಾದ ಈ ಕರುಳಿನ ನಾಳಗಳಿಗೇ. ಉಳಿದೆಡೆ ಆ ರಸ ಹೆಚ್ಚುಕಡಿಮೆ ತಿಳಿನೀರು.)

‘ಗುಂಡಿ ಸಂಧಿ’ ಎಂದರೆ ಓದುಗರು ಹಳ್ಳಕ್ಕೆ ಬಿದ್ದಾರು. ‘ಸಂಧಿ’ ಒಂದೋ ಮೊಣಕಾಲಿಗೆ ಒಯ್ಯುತ್ತದೆ, ಇಲ್ಲವೇ ವ್ಯಾಕರಣದ ತರಗತಿಗೆ. ‘ಟಾಕು’ ಚೆನ್ನಾಗಿದೆ, ಆದರೆ ಆಮೇಲೆ ಬಿಚ್ಚುವ ಹೊಲಿಗೆ ಎಂಬ ಅರ್ಥ ಅಂಟಿಕೊಂಡೇ ಬರುತ್ತದೆ. ಸದ್ಯಕ್ಕೆ ‘ಬಿಡಿಬೆಸುಗೆ’, ‘ಸಾಲುಬೆಸುಗೆ’ ಎಂದಿಟ್ಟುಕೊಂಡಿದ್ದೇನೆ. ಬೆಸುಗೆ ಎಂದರೆ ಮತ್ತೆ ಬದಲಾಗದ್ದು ಅನ್ನಿಸುತ್ತದೆಯೇ? ಬಿಡಿ ಸಾಲಾಗುವುದು, ಸಾಲು ಬಿಡಿಯಾಗುವುದು ಎರಡಕ್ಕೂ ಒಗ್ಗುವ ಜೋಡಿಪದ ನಿಮಗೆ ಹೊಳೆದರೆ ತಿಳಿಸಿ.