ಫೋನಿನ ತಂಬೂರಿ ಆ್ಯಪ್‌ನಲ್ಲಿ ಮಂದ್ರ ಷಡ್ಜ ಬರುವುದೇ ಇಲ್ಲ, ಆದರೂ ಕೇಳಿಸುವುದು ಹೇಗೆ?

ಬಿರಡೆ:
ಒಂದು ಮನೆ ಶ್ರುತಿಗೆ (ಬಿಳಿ ಒಂದು) ಇಟ್ಟರೆ ಮಧ್ಯ ಷಡ್ಜ 130.8 ಹರ್ಟ್ಸ್, ಮಂದ್ರದ ತಂತಿ 65.4. ಫೋನಿನ ಸ್ಪೀಕರ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್ (ಯಾವ ಆವರ್ತನ ಎಷ್ಟಿದೆ ಎಂಬ ನಕ್ಷೆ) ತೆಗೆದರೆ 300ರಿಂದ ಕೆಳಗೆ ಹೆಚ್ಚುಕಡಿಮೆ ಏನೂ ಇಲ್ಲ. ಟೋನ್ ಜನರೇಟರ್‌ನಲ್ಲಿ ಬರೀ 65.4 ಹಾಕಿದರೆ ಫೋನ್ ಉಸಿರೇ ಎತ್ತುವುದಿಲ್ಲ. ಆದರೆ ತಂಬೂರಿ ಆ್ಯಪ್ ಹಾಕಿದಾಗ ಮಂದ್ರ ಷಡ್ಜ ಮಂದ್ರವಾಗಿಯೇ ಕೇಳಿಸುತ್ತದೆ, ಒಂದು ಸ್ಥಾಯಿ ಮೇಲೆ ಹೋದ ಹಾಗೆ ಅನ್ನಿಸುವುದಿಲ್ಲ. ಸ್ಪೀಕರ್ ಕೊಡದ ಸ್ವರ ಕಿವಿಗೆ ಎಲ್ಲಿಂದ ಬಂತು?

ಇನ್ನೊಂದು ಪ್ರಶ್ನೆ. ಅದೇ ಫೋನಿನಲ್ಲಿ ಐದು ಮನೆಗೆ ಏರಿಸಿದರೆ ಮಂದ್ರ ಸ್ಪಷ್ಟ, ಒಂದು ಮನೆಯಲ್ಲಿ ಗರಗರ. ಇದು ಆ್ಯಪ್‌ನ ದೋಷವೋ, ಸ್ಪೀಕರಿನದೋ?

ಅನುರಣನ:
ಸ್ಪೀಕರ್ ಆಗಲಿ ಕಿವಿಯಾಗಲಿ ಒಳಗೆ ಹೋದದ್ದನ್ನು ಹಾಗೇ ಹೊರಗೆ ಕೊಡುವುದಿಲ್ಲ, ಸ್ವಲ್ಪ ವಿರೂಪ ಮಾಡಿಯೇ ಕೊಡುತ್ತವೆ. ಎರಡು ಸ್ವರ ಜೊತೆಯಾಗಿ ಹೊಕ್ಕರೆ ಅವುಗಳ ವ್ಯತ್ಯಾಸದ ಸ್ವರ ಹುಟ್ಟುತ್ತದೆ. 457.8ರಲ್ಲಿ 392.4 ಕಳೆಯಿರಿ, 65.4. ಅಲ್ಲಿಗೆ ಲೆಕ್ಕ ಸರಿಹೋಯಿತಲ್ಲ?

ಸ್ವರಸ್ಥಾನ:
ಲೆಕ್ಕ ಸರಿ, ಕಾರಣ ಅದಲ್ಲ. ವ್ಯತ್ಯಾಸದ ಸ್ವರ ಇರುವುದು ನಿಜ, ಸದ್ದು ಜೋರಾದಾಗ ಕೇಳಿಸುತ್ತದೆ ಕೂಡ. ಆದರೆ ಇಲ್ಲಿ ಕೆಲಸ ಮಾಡುತ್ತಿರುವುದು ಬೇರೆ.

ಜಗಳ ಹಳೆಯದು. ಮೂಲಸ್ವರ (ನಾದದ ಅತಿ ಕೆಳಗಿನ ಆವರ್ತನ) ತೀರ ಕ್ಷೀಣವಾಗಿದ್ದರೂ ಅದೇ ಶ್ರುತಿ ಕೇಳಿಸುತ್ತದೆ ಎಂದು ಜರ್ಮನಿಯ ಭೌತವಿಜ್ಞಾನಿ ಸೀಬೆಕ್ 1841ರಲ್ಲಿ ರಂಧ್ರದ ತಟ್ಟೆಗಳ ಸೈರನ್ ಇಟ್ಟುಕೊಂಡು ತೋರಿಸಿದ. ಓಮ್ ಒಪ್ಪಲಿಲ್ಲ (ವಿದ್ಯುತ್ತಿನ ಓಮ್‌ನೇ). ಹೆಲ್ಮ್‌ಹೋಲ್ಟ್ಸ್ ಓಮ್‌ನ ಪಕ್ಷ ವಹಿಸಿದ್ದರಿಂದ ಸೀಬೆಕ್‌ನ ಮಾತು ಬಹಳ ಕಾಲ ಮೂಲೆಗೆ ಬಿತ್ತು. ಅದನ್ನು ಮತ್ತೆ ಮೇಲೆತ್ತಿದ್ದು ಡಚ್ ವಿಜ್ಞಾನಿ ಸ್ಕೌಟನ್. ವ್ಯತ್ಯಾಸದ ಸ್ವರವನ್ನು ತಳ್ಳಿಹಾಕುವ ಪರೀಕ್ಷೆ ಬಹಳ ಸರಳ: 1800, 2000, 2200 ಹರ್ಟ್ಸ್ ಕೂಡಿಸಿ ಕೇಳಿದರೆ ಶ್ರುತಿ 200. ಮೂರನ್ನೂ 40 ಹರ್ಟ್ಸ್ ಏರಿಸಿ 1840, 2040, 2240 ಮಾಡಿ. ವ್ಯತ್ಯಾಸ ಈಗಲೂ 200. ಆದರೆ ಕೇಳಿಸುವ ಶ್ರುತಿ ಸುಮಾರು 204ಕ್ಕೆ ಏರುತ್ತದೆ, ಏಕೆಂದರೆ ಈ ಮೂರೂ 204ರ 9, 10, 11ನೇ ಗುಣಕಗಳಿಗೆ ತೀರ ಹತ್ತಿರ. ಅಂದರೆ ಮಿದುಳು ಕಳೆಯುತ್ತಿಲ್ಲ. ಬಂದವಕ್ಕೆಲ್ಲ ಒಪ್ಪುವ ಒಂದೇ ಮೂಲವನ್ನು ಹುಡುಕುತ್ತಿದೆ.

ನಿಮ್ಮ ತಂತಿಗೆ ಬರೋಣ. 65.4ರ ತಂತಿ 130.8, 196.2, 261.6, 327, 392.4, 457.8, 523.2 ಹೀಗೆ ಉಪಸ್ವರಗಳ (ಮೂಲದ ಗುಣಕಗಳ) ಸಾಲನ್ನೇ ಕೊಡುತ್ತದೆ. 65.4ನ್ನೇ ಒಂದನೆಯದೆಂದು ಎಣಿಸಿದರೆ, ಫೋನ್ ಮೊದಲ ನಾಲ್ಕನ್ನು ನುಂಗುತ್ತದೆ, ಐದನೆಯದನ್ನು ಅರೆಬರೆ ಬಿಡುತ್ತದೆ. ಉಳಿದವನ್ನೆಲ್ಲ ಶೇಷವಿಲ್ಲದೆ ಭಾಗಿಸುವ ದೊಡ್ಡ ಸಂಖ್ಯೆ 65.4 ಒಂದೇ. ಬರೀ ಸಮಸಂಖ್ಯೆಯ ಉಪಸ್ವರಗಳು ಉಳಿದಿದ್ದರೆ ಆಗ ನೀವು ಹೇಳಿದಂತೆ ಒಂದು ಸ್ಥಾಯಿ ಮೇಲೆ ಕೇಳಿಸುತ್ತಿತ್ತು. ಹಳೆಯ ಟೆಲಿಫೋನ್ ಸಾಗಿಸುತ್ತಿದ್ದುದು 300ರಿಂದ 3400 ಹರ್ಟ್ಸ್ ಮಾತ್ರ. ಗಂಡಸರ ದನಿಯ ಮೂಲ 100–120ರ ಆಸುಪಾಸು. ಆದರೂ ಫೋನಿನಲ್ಲಿ ಗಂಡಸರ ದನಿ ಹೆಂಗಸರ ದನಿಯಾಗಲಿಲ್ಲವಲ್ಲ.

ಎರಡನೆಯ ಪ್ರಶ್ನೆ ನಿಜಕ್ಕೂ ಚೆನ್ನಾಗಿದೆ. ಒಳಗಿವಿಯ ಕಾಕ್ಲಿಯಾದಲ್ಲಿ ಸುಮಾರು 35 ಮಿಲಿಮೀಟರ್ ಉದ್ದದ ಪೊರೆಯಿದೆ. ಒಂದೊಂದು ಆವರ್ತನಕ್ಕೆ ಅದರ ಒಂದೊಂದು ಜಾಗ ಹೆಚ್ಚು ಅಲುಗುತ್ತದೆ. ಇದನ್ನು ಕಂಡು ತೋರಿಸಿದ ಬೇಕೇಶಿಗೆ 1961ರಲ್ಲಿ ನೊಬೆಲ್ ಬಂತು. ಆದರೆ ಪೊರೆಯ ಪ್ರತಿ ಜಾಗಕ್ಕೂ ಒಂದು ಫಿಲ್ಟರಿನ ಅಗಲವಿದೆ. ಆರೋಗ್ಯವಂತ ಕಿವಿಗೆ ಅದು ಅಂದಾಜು 24.7 × (4.37 × ಕಿಲೋಹರ್ಟ್ಸ್ + 1). 392 ಹರ್ಟ್ಸ್‌ನಲ್ಲಿ 67 ಹರ್ಟ್ಸ್ ಅಗಲ ಬರುತ್ತದೆ.

ಒಂದು ಮನೆಯಲ್ಲಿ ಉಪಸ್ವರಗಳ ನಡುವಿನ ಅಂತರ 65.4. ಅಂದರೆ 392ರಿಂದ ಮೇಲೆ ಎಲ್ಲೂ ಒಂದೊಂದನ್ನೇ ಬಿಡಿಸಿ ಕೇಳಲಾಗುವುದಿಲ್ಲ, ಪ್ರತಿ ಫಿಲ್ಟರಿನಲ್ಲೂ ಎರಡು ಮೂರು ಒಟ್ಟಿಗೆ ಬಿದ್ದು ಸೆಕೆಂಡಿಗೆ 65 ಸಲ ಏರಿಳಿಯುತ್ತವೆ. ನರಗಳು ಆ ಏರಿಳಿತದ ಕಾಲವನ್ನು ಹಿಡಿದು ಶ್ರುತಿ ಹೇಳುತ್ತವೆ, ಆದರೆ ಹೀಗೆ ಸಿಕ್ಕ ಶ್ರುತಿ ದುರ್ಬಲ. ಗರಗರ ಆ ಏರಿಳಿತವೇ. ಐದು ಮನೆಯಲ್ಲಿ ಮಂದ್ರ 98. ಫೋನಿನಿಂದ ಬರುವುದು 392, 490, 588. ಅಲ್ಲಿ ಫಿಲ್ಟರ್ ಅಗಲ 67, 78, 88, ಅಂತರ 98. ಮೂರೂ ಬೇರೆ ಬೇರೆಯಾಗಿ ಸಿಗುತ್ತವೆ, ಶ್ರುತಿ ಗಟ್ಟಿಯಾಗಿ ನಿಲ್ಲುತ್ತದೆ. ಆ್ಯಪ್‌ನ ತಪ್ಪೇನಿಲ್ಲ. ಅಂದಹಾಗೆ, ಕಿವಿ ಮಂದವಾದವರಲ್ಲಿ ಈ ಫಿಲ್ಟರುಗಳು ಇನ್ನೂ ಅಗಲವಾಗುತ್ತವೆ. ಅಂಥವರಿಗೆ ಸದ್ದು ಏರಿಸಿ ಕೊಟ್ಟರಷ್ಟೇ ಸಾಲದು.

ಪಟ್ಟಿಮಂಚ:
ಮಾಡಿ ನೋಡಬೇಕೆನ್ನುವವರಿಗೆ, ಆಡಾಸಿಟಿಯಲ್ಲಿ (ಕಂಪ್ಯೂಟರಿನಲ್ಲಿ ಧ್ವನಿ ಸಂಪಾದಿಸುವ ತಂತ್ರಾಂಶ) ಹತ್ತು ನಿಮಿಷದ ಕೆಲಸ.

ಐದು ಟ್ರ್ಯಾಕ್ ತೆರೆದು ಜನರೇಟ್ ಮೆನುವಿನ ಟೋನ್‌ನಲ್ಲಿ 392.4, 457.8, 523.2, 588.6, 654 ಸೈನ್ ಹಾಕಿ, ಒಂದೊಂದು 5 ಸೆಕೆಂಡ್. ಆಂಪ್ಲಿಟ್ಯೂಡ್ ಒಂದೊಂದಕ್ಕೂ 0.15. ಐದೂ ಕೂಡಿದರೆ 0.75, 1ರ ಮಿತಿ ದಾಟಿ ಅಲೆಯ ತುದಿ ಕತ್ತರಿಸುವುದಿಲ್ಲ (ಕ್ಲಿಪ್ ಆಗುವುದಿಲ್ಲ). ಜನ ಎಡವುವುದು ಇಲ್ಲೇ. ಆಡಾಸಿಟಿ ತಾನೇ ಇಟ್ಟಿರುವ 0.8 ಹಾಗೇ ಬಿಟ್ಟರೆ ಮಿಕ್ಸ್ ಒಡೆದು, ಇಲ್ಲದ ಆವರ್ತನಗಳೆಲ್ಲ ಹುಟ್ಟಿಕೊಂಡು ಪರೀಕ್ಷೆಯೇ ಕೆಡುತ್ತದೆ. ಎಲ್ಲ ಟ್ರ್ಯಾಕೂ ಒಂದೇ ಕ್ಷಣದಿಂದ ಶುರುವಾಗಲಿ. ದಶಮಾಂಶ ಬಿಟ್ಟು 390, 460, 520 ಅಂತ ದುಂಡು ಮಾಡಬೇಡಿ, ಶ್ರುತಿ ನಿಲ್ಲದೆ ಒರಟಾಗುತ್ತದೆ.

ಒಂದೊಂದನ್ನೇ ಸೋಲೊ ಮಾಡಿ ಕೇಳಿ, ಎಲ್ಲ ಮೇಲಿನ ಸ್ವರ. ಐದೂ ಒಟ್ಟಿಗೆ ಬಿಟ್ಟರೆ ಕೆಳಗೆ ಒಂದು ಗುಂಯ್ ಸೇರುತ್ತದೆ. ಇನ್ನು ಅನುರಣನ ಅವರ ಅನುಮಾನಕ್ಕೆ: ಹೆಡ್‌ಫೋನ್ ಹಾಕಿಕೊಂಡು, ನಾಯ್ಸ್ ಟ್ರ್ಯಾಕ್ ಒಂದನ್ನು 250 ಹರ್ಟ್ಸ್ ಲೋ-ಪಾಸ್ ಮಾಡಿ (ರೋಲ್-ಆಫ್ 48 ಡೆಸಿಬೆಲ್) ಜೊತೆಗೆ ಸೇರಿಸಿ. ಕಿವಿಯೊಳಗೆ ನಿಜವಾಗಿ 65 ಹರ್ಟ್ಸ್ ಹುಟ್ಟಿದ್ದರೆ ಈ ಭೋರ್ಗರೆತದಲ್ಲಿ ಮುಳುಗಿಹೋಗಬೇಕು. ಮುಳುಗುವುದಿಲ್ಲ. 1954ರಲ್ಲಿ ಲಿಕ್‌ಲೈಡರ್ ತೋರಿಸಿದ್ದು ಇದನ್ನೇ. ಫೋನ್ ಸ್ಪೀಕರಿನಲ್ಲಿ ಇದನ್ನು ಮಾಡಿ ಪ್ರಯೋಜನವಿಲ್ಲ, ಗದ್ದಲವೇ ಹೊರಬರುವುದಿಲ್ಲ.

ಸ್ಪೆಕ್ಟ್ರಮ್ ನೋಡುವಾಗ ಸೈಜ್ 16384 ಇಡಿ. 44100ರ ರೆಕಾರ್ಡಿಂಗಿನಲ್ಲಿ 2.7 ಹರ್ಟ್ಸ್‌ಗೊಂದು ಗೆರೆ ಸಿಗುತ್ತದೆ. 1024 ಇಟ್ಟರೆ 43ಕ್ಕೊಂದು, ಮಂದ್ರದ ಉಪಸ್ವರಗಳು ಒಂದಕ್ಕೊಂದು ಅಂಟಿಕೊಂಡು ಗುಡ್ಡದ ಹಾಗೆ ಕಾಣುತ್ತವೆ.

ಕುದುರೆ_ದಾರ:
ಎಲ್ಲರೂ ಕಿವಿಯ ಕಡೆಯಿಂದ ಹೇಳಿದಿರಿ. ತಂಬೂರಿಯ ಕಡೆಯಿಂದಲೂ ಒಂದು ಮಾತಿದೆ. ಮೇಲಿನ ಉಪಸ್ವರಗಳೇ ಇಲ್ಲದ ವಾದ್ಯವಾಗಿದ್ದರೆ ಫೋನಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ತಂಬೂರಿಯಲ್ಲಿ ಅವನ್ನು ಬೇಕೆಂದೇ ಹುಟ್ಟಿಸುತ್ತೇವೆ. ಕುದುರೆಯ (ತಂತಿಗಳನ್ನು ಹೊರುವ ಆಸರೆಯ) ತಲೆ ಚೂಪಲ್ಲ, ಅಗಲವಾಗಿ ತುಸು ಬಾಗಿದ್ದು. ಅದರ ಮೇಲೆ ತಂತಿಯಡಿ ಹತ್ತಿಯ ಅಥವಾ ರೇಷ್ಮೆಯ ದಾರ. ತಂತಿ ಅಲುಗುವಾಗ ಪ್ರತಿ ಸುತ್ತಿನಲ್ಲೂ ಕುದುರೆಯ ಬಾಗಿಗೆ ತಾಗಿ ಬಿಟ್ಟು ಮಾಡುತ್ತದೆ, ಆ ತಾಗುವಿಕೆ ಶಕ್ತಿಯನ್ನು ಮೇಲಿನ ಉಪಸ್ವರಗಳಿಗೆ ದಾಟಿಸುತ್ತದೆ. ಜವಾರಿ ಅನ್ನುವುದು ಇದಕ್ಕೇ.

ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1920ರ ದಶಕದ ಆರಂಭದಲ್ಲಿ, ಇದರ ಬಗ್ಗೆ ಬರೆದಿದ್ದಾರೆ. ಸಾಮಾನ್ಯ ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ ಉಪಸ್ವರ ಹುಟ್ಟಬಾರದು, ಅದರ ಸ್ಥಿರಬಿಂದು ಅಲ್ಲೇ ಇರುತ್ತದೆ. ಯಂಗ್–ಹೆಲ್ಮ್‌ಹೋಲ್ಟ್ಸ್ ನಿಯಮ ಹೇಳುವುದು ಅದನ್ನೇ. ತಂಬೂರಿಯಲ್ಲಿ ನಡುವೆ ಮೀಟಿ, ಕೂಡಲೇ ಅದೇ ಜಾಗಕ್ಕೆ ಬೆರಳ ತುದಿ ತಾಗಿಸಿ: ಮೂಲ ಅಡಗುತ್ತದೆ, ಮೇಲಿನ ಷಡ್ಜ ಢಾಳಾಗಿ ಕೇಳುತ್ತದೆ. ದಾರ ತೆಗೆದು ಚೂಪಾದ ಆಸರೆ ಕೊಟ್ಟು ಮೀಟಿದರೆ ವ್ಯತ್ಯಾಸ ತಿಳಿಯುತ್ತದೆ.

ದಾರ ಹೊಂದಿಸುವುದು: ಮೊದಲು ದಾರ ಸಡಿಲಿಸಿ ತಂತಿಯನ್ನು ಹೆಚ್ಚುಕಡಿಮೆ ಶ್ರುತಿಗೆ ತನ್ನಿ. ಆಮೇಲೆ ದಾರದ ಎರಡೂ ತುದಿ ಹಿಡಿದು, ತಂತಿ ಮೀಟುತ್ತಾ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸಿ. ಒಂದು ಜಾಗದಲ್ಲಿ ನಾದ ಥಟ್ಟನೆ ಅರಳುತ್ತದೆ. ಅರ್ಧ ಮಿಲಿಮೀಟರ್ ಆಚೆ ಹೋದರೆ ಬರೀ ಠಣ್, ಈಚೆ ಬಂದರೆ ತಗಡಿನ ಸದ್ದು. ಕೊನೆಗೆ ತಂತಿಗೆ ಪೋಣಿಸಿದ ಮಣಿಯಿಂದ ಶ್ರುತಿ ಸರಿಮಾಡಿ. ದಾರ ದಪ್ಪವಾದರೆ ತಂತಿ ಕುದುರೆಯಿಂದ ಮೇಲೇಳುತ್ತದೆ, ನಾದ ಸಾಯುತ್ತದೆ. ಎಲ್ಲಿ ಸರಿಸಿದರೂ ಅರಳದಿದ್ದರೆ ಕುದುರೆಯ ಮೇಲೆ ತಂತಿ ಕೊರೆದ ಗೀರು ಬಿದ್ದಿರುತ್ತದೆ. ಮನೆಯಲ್ಲಿ ಅರ ಹಿಡಿದು ಉಜ್ಜಲು ಹೋಗಬೇಡಿ, ತಂಬೂರಿ ಮಾಡುವವರ ಹತ್ತಿರ ಒಯ್ಯಿರಿ.

ಸರಿಯಾಗಿ ಕೂತಿತೇ ಎಂದು ತಿಳಿಯಲು ಮಂದ್ರದ ತಂತಿಯೊಂದನ್ನೇ ಮೀಟಿ ಅಂತರ ಗಾಂಧಾರ ಕೇಳುತ್ತದೋ ನೋಡಿ. ಐದನೆಯ ಉಪಸ್ವರ, 327. ಕೀಬೋರ್ಡಿನ ಗಾಂಧಾರ 329.6, ಸುಮಾರು 14 ಸೆಂಟ್ ಮೇಲೆ (ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್). ಕೀಬೋರ್ಡಿಗೆ ಹೊಂದಿಸಿಕೊಂಡ ಕಿವಿಗೆ ತಂಬೂರಿಯ ಗಾಂಧಾರ ತಗ್ಗಿದಂತೆ ಅನ್ನಿಸುವುದು ಇದರಿಂದ.

ಬಿರಡೆ:
ತುಂಬ ಉಪಕಾರ. ಹಾಗಾದರೆ ಫೋನಿನ ಆ್ಯಪ್ ಇಟ್ಟುಕೊಂಡು ನಿಜವಾದ ತಂಬೂರಿಗೆ ಶ್ರುತಿ ಸೇರಿಸಬಹುದೇ, ಮೂಲವೇ ಇಲ್ಲದಿದ್ದರೆ ತಪ್ಪಾಗುವುದಿಲ್ಲವೇ?

ಸ್ವರಸ್ಥಾನ:
ಧಾರಾಳವಾಗಿ ಸೇರಿಸಿ. ಇನ್ನೂ ಸೂಕ್ಷ್ಮವಾಗಿಯೇ ಸಿಗುತ್ತದೆ. ಆ್ಯಪ್ 130.8, ನಿಮ್ಮ ಸಾರಣೆ (ಮಧ್ಯ ಷಡ್ಜದ ತಂತಿ; ಅದರ ಜೊತೆಯದು ಅನುಸಾರಣೆ) 131.3 ಇದೆ ಅನ್ನಿ, 6–7 ಸೆಂಟ್ ವ್ಯತ್ಯಾಸ. ಮೂಲಸ್ವರಗಳಲ್ಲಿ ಎರಡು ಸೆಕೆಂಡಿಗೊಮ್ಮೆ ಅಲೆ (ಸದ್ದಿನ ಏರಿಳಿತ). ನಾದ ಇಳಿಯುವುದರೊಳಗೆ ಗೊತ್ತಾಗುವುದು ಕಷ್ಟ. ಹತ್ತನೆಯ ಉಪಸ್ವರದಲ್ಲಿ ಸೆಕೆಂಡಿಗೆ ಐದು ಅಲೆ, ಚೆನ್ನಾಗಿ ಕೇಳುತ್ತದೆ. ಮೊದಲು ಸಾರಣೆ, ಅನುಸಾರಣೆ ಸೇರಿಸಿ, ಬಳಿಕ ಪಂಚಮ, ಕೊನೆಗೆ ಮಂದ್ರ. ಮಂದ್ರವನ್ನು ಆ್ಯಪ್‌ಗೆ ಸೇರಿಸುವ ಬದಲು ನಿಮ್ಮ ಸಾರಣೆಗೇ ಸೇರಿಸುವುದು ಮೇಲು. ಫೋನನ್ನು ಬುರುಡೆಯ ಮೇಲೆ ಇಡಬೇಡಿ, ಅದರ ನಡುಕಕ್ಕೆ ಹೊಂದಿದ ತಂತಿಗಳು ತಾವೇ ಮಿಡಿದು ಯಾವುದು ಯಾವುದರ ಅಲೆ ಎಂದು ತಿಳಿಯದೆ ಹೋಗುತ್ತದೆ. ಒಂದು ಮಾರು ದೂರದ ಮೇಜಿನ ಮೇಲಿರಲಿ.