ಸಹಾಯ ಬೇಕು: ಸಿಇಟಿ ಆಪ್ಶನ್ ಎಂಟ್ರಿ ಹೊತ್ತಲ್ಲಿ ಮಕ್ಕಳ ಜೊತೆ ಕೂರುವವರು

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯು ಮುಗಿಸಿದ ಮಕ್ಕಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಅರ್ಜಿಯಲ್ಲಿ, ಆಪ್ಶನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವುದು) ನೆರವಾಗುವ ನಮ್ಮ ತಂಡಕ್ಕೆ ಇನ್ನಷ್ಟು ಜನ ಬೇಕು. ಸಂಜೆ ಒಂದು ಗಂಟೆ ಹೊತ್ತು ಕೊಟ್ಟರೆ ಸಾಕು, ಫೋನಿನಲ್ಲಾದರೂ ಸರಿ.

ಮಕ್ಕಳು ಹೆಚ್ಚು ಕಂಗೆಡುವುದು ಅಣಕು ಸೀಟು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ಬಂದ ದಿನ. ಅದು ಸೀಟಲ್ಲ, ಪಟ್ಟಿ ತಿದ್ದಿಕೊಳ್ಳಲು ಸಿಗುವ ಅವಕಾಶ. ಗಾಬರಿಯಲ್ಲಿ ಇಷ್ಟದ ಕಾಲೇಜನ್ನೇ ಕೆಳಗೆ ತಳ್ಳಿಬಿಡುತ್ತಾರೆ. ಮೇಲಿಟ್ಟರೆ ನಷ್ಟವೇನಿಲ್ಲ, ಆ ರ್‍ಯಾಂಕಿಗೆ ಸಿಗದಿದ್ದರೆ ಮುಂದಿನ ಆಯ್ಕೆಯನ್ನು ನೋಡಲಾಗುತ್ತದೆ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಮೇಲಿಡುವುದೇ ಅಪಾಯ, ಸಿಕ್ಕಿಬಿಟ್ಟರೆ? ಪಕ್ಕದ ಮನೆಯವರ ಮಾತು ಕೇಳಿ ಹಾಗೆ ಬರೆಯುವವರೇ ಜಾಸ್ತಿ.

ಚಾಯ್ಸ್ 2, ಅಂದರೆ ಸಿಕ್ಕ ಸೀಟು ಇಟ್ಟುಕೊಂಡೇ ಇನ್ನೂ ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು, ಇನ್ನೊಂದು ತಲೆನೋವು. ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕರೆ ಕೈಯಲ್ಲಿದ್ದ ಸೀಟು ತಾನಾಗಿ ರದ್ದಾಗುತ್ತದೆ. ಹಾಗಾಗಿ ಪಟ್ಟಿಯ ಮೇಲ್ಭಾಗದಲ್ಲಿ ನಿಜಕ್ಕೂ ಬೇಕಾದವೇ ಇವೆಯೇ ಎಂದು ಅಪ್ಪ ಅಮ್ಮನ ಎದುರಿಗೇ ಓದಿಸಿ.

ದಾಖಲೆ ನೋಡಬಲ್ಲವರೂ ಬೇಕು. ಜಾತಿ, ಆದಾಯ ಪತ್ರದ ಆರ್‌ಡಿ ಸಂಖ್ಯೆ (ಪತ್ರದ ಮೇಲಿರುವ ಗುರುತಿನ ಸಂಖ್ಯೆ) ಸರಿಯಿರಬೇಕು, ಪತ್ರದಲ್ಲಿರುವ ಹೆಸರು ಅಂಕಪಟ್ಟಿಗೆ ಹೊಂದಬೇಕು. ಇನಿಷಿಯಲ್ ಹಿಂದುಮುಂದಾದರೂ ತೊಡಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಕೊನೆಯ ವಾರ ಹೊರಟರೆ ಕಷ್ಟ.

ಮಗು ನಿದ್ದೆ, ಊಟ ಬಿಟ್ಟಿದ್ದರೆ ಪಟ್ಟಿ ಪಕ್ಕಕ್ಕಿಡಿ. ಬದುಕೇ ಬೇಡ ಎಂಬ ಮಾತು ಬಂದರೆ ಒಂಟಿಯಾಗಿ ಬಿಡದೆ ಮನೆಯವರಿಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ.

ಬರುವವರು ಜಿಲ್ಲೆ, ಬಿಡುವಿನ ಸಮಯ, ಯಾವ ಕೆಲಸ ಎಂದು ಕೆಳಗೆ ಬರೆಯಿರಿ. ಮಕ್ಕಳ ಪಾಸ್‌ವರ್ಡ್, ಒಟಿಪಿ ಯಾರೂ ಕೇಳಕೂಡದು.