ಅಪ್ಪಾಜಿಗೆ ಹೊಟ್ಟೆ ಬಂದಿದೆ, ವೀಲ್‌ಚೇರ್ ಆಟ ಆಡಿಸಬಹುದಾ?

ಕಲಬುರಗಿ ಹುಡುಗ: ಅಪ್ಪಾಜಿಗೆ 62. ಬೆನ್ನುಹುರಿಗೆ ಪೆಟ್ಟು ಬಿದ್ದು 9 ವರ್ಷ. ಕಾಲು ಕಡ್ಡಿಯಾಗಿವೆ, ಹೊಟ್ಟೆ ಮಾತ್ರ ಗುಡಾಣ. ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡಿದರೆ ಕೊಬ್ಬು ಇಳಿಯುತ್ತಾ? ಅನುಭವ ಇದ್ದವರು ಹೇಳಿ.

ಸೇಡಂ ರಸ್ತೆ ಕಾಕಾ: ನನಗೆ 64, ಟಿ10, ಅಂದರೆ ಎದೆಭಾಗದ ಬೆನ್ನುಮೂಳೆಯಲ್ಲಿ ಹತ್ತನೇ ಮಣಿಯ ಹತ್ತಿರ ಪೆಟ್ಟು. ಎರಡು ವರ್ಷದಿಂದ ಆಡುತ್ತಿದ್ದೇನೆ. ಸೋಲಾಪುರದಿಂದ ಹಳೇ ಸ್ಪೋರ್ಟ್ಸ್ ಚೇರ್ ತಂದೆ, 38,000. ಟೆಂಪೋಗೆ 2,200. ಮನೆಗೆ ಬಂದ ಮೇಲೆ ನೋಡಿದರೆ ಬಾಗಿಲಲ್ಲಿ ಹಿಡಿಸಲಿಲ್ಲ! ಓರೆ ಗಾಲಿ, ಕೆಳಗೆ ಅಗಲ ಅಲ್ವಾ. ಶಹಾಬಾದಿ ಕಲ್ಲಿನ ಹೊಸ್ತಿಲು ಒಡೆಸಿ, ಚೌಕಟ್ಟು ಕೀಳಿಸಿ ಮತ್ತೆ 11,500. ಎರಡು ದಿನ ಅಂದ ಮೇಸ್ತ್ರಿ ಒಂಬತ್ತು ದಿನ ತಗೊಂಡ. ತೂಕ 71 ಇದ್ದದ್ದು 70 ಆಯಿತು, ಅಷ್ಟೇ. ಆದರೆ ಲುಂಗಿ ಸುತ್ತಿದರೆ ಈಗ ಅರ್ಧ ಗೇಣು ಉಳಿಯುತ್ತದೆ. ತೂಕದ ಮಷೀನ್ ನಂಬಬೇಡ ತಮ್ಮಾ. ನಮ್ಮ ಕಾಲಿನ ಮಾಂಸ ಕರಗಿರುತ್ತದೆ, ಆ ಜಾಗಕ್ಕೆ ಕೊಬ್ಬು ಬಂದಿರುತ್ತದೆ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಅದರ 25ರ ಲೆಕ್ಕ ನಡೆಯುವವರಿಗೆ. ನಮಗೆ 22 ದಾಟಿದರೇ ಜಾಸ್ತಿ ಎಂದು ಹಿಡಿಯುತ್ತಾರೆ.

ಬೀದರ್ ಅಕ್ಕ: ಭುಜದ ಮಾತು ಯಾಕೆ ಬಿಟ್ಟಿರಿ ಕಾಕಾ? ನಮ್ಮ ಯಜಮಾನರು 58ಕ್ಕೆ ಶುರು ಮಾಡಿದರು. ಐದನೇ ತಿಂಗಳಿಗೆ ಬಲ ಭುಜ ಹೋಯಿತು. ಮಂಚದಿಂದ ಚೇರಿಗೆ ದಾಟಲಿಕ್ಕೂ ಅದೇ ಭುಜ ಬೇಕಲ್ಲ! ಹೈದರಾಬಾದಿಗೆ ನಾಲ್ಕು ಸಲ ಓಡಾಟ, ಎಂಆರ್‌ಐಗೇ 7,500. ಮೂರು ತಿಂಗಳು ನಾನೇ ಎತ್ತಿ ಕೂರಿಸಿದೆ. ನನ್ನ ಸೊಂಟದ ಲೆಕ್ಕ ಯಾರು ಬರೆದಿಡುತ್ತಾರೆ?

ಸೇಡಂ ರಸ್ತೆ ಕಾಕಾ: ಮೈ ಸಡಿಲ ಮಾಡಿಕೊಳ್ಳದೆ ಆಟಕ್ಕೆ ಇಳಿದಿರಬೇಕು. ಆಟದ ತಪ್ಪಲ್ಲ ತಂಗಿ. 1965ರ ಯುದ್ಧದಲ್ಲಿ ಗುಂಡು ತಿಂದ ನಮ್ಮ ಸೈನಿಕ ಮುರಳೀಕಾಂತ್ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ತರಲಿಲ್ಲವಾ?

ಬೀದರ್ ಅಕ್ಕ: ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಇಲ್ಲಿ ಕೇಳುತ್ತಿರೋದು 62ರ ಅಪ್ಪಾಜಿ ಬಗ್ಗೆ.

ಯಾದಗಿರಿ ಟಿ4: ಇಬ್ಬರೂ ಬಿಸಿಲು ಮರೆತಿರಿ. ನನ್ನ ಪೆಟ್ಟು ಕಾಕಾಗಿಂತ ಮೇಲೆ, ಎದೆ ಕೆಳಗೆ ಬೆವರೇ ಬರಲ್ಲ. ಮೇ ತಿಂಗಳಲ್ಲಿ ಬೆಳಿಗ್ಗೆ 10ಕ್ಕೆ ಆಡಿ ಮೈ ಕೆಂಡ ಆಗಿ, ತಲೆ ಸುತ್ತಿ ಚೇರಲ್ಲೇ ವಾಲಿದೆ. ಈಗ 6ಕ್ಕೆ ಹೋಗುತ್ತೇನೆ. ಮೈಗೆ ನೀರು ಹೊಡೆದುಕೊಳ್ಳಲು ಗಿಡದ ಸ್ಪ್ರೇ ಬಾಟಲಿ ತೊಡೆ ಮೇಲೆ. ಹೊಟ್ಟೆ ಇಳಿದದ್ದು ಆಟದಿಂದಲ್ಲ ಬಿಡಿ. ರಾತ್ರಿ ಮೂರು ರೊಟ್ಟಿ ಒಂದಾಯಿತು, ಶೇಂಗಾ ಹಿಂಡಿ (ಚಟ್ನಿಪುಡಿ) ಬಂದ್.

ಸೇಡಂ ರಸ್ತೆ ಕಾಕಾ: ಹಿಂಡಿ ಇಲ್ಲದೆ ರೊಟ್ಟಿ ಹೆಂಗೆ ಇಳಿಯುತ್ತಪ್ಪ?

ಯಾದಗಿರಿ ಟಿ4: ಅಗಸಿ ಹಿಂಡಿ ಹಚ್ಚಿಕೊಳ್ಳಿ.

ಬೀದರ್ ಅಕ್ಕ: ಅದರಲ್ಲಿ ಎಣ್ಣೆ ಇಲ್ಲವಾ? ಸುಮ್ನೆ ಏನೋ ಹೇಳಬೇಡಿ.

ಕಲಬುರಗಿ ಹುಡುಗ: ಕಾಕಾ, ನಮ್ಮ ಬಾಗಿಲು ಅಳೆದೆ, 29 ಇಂಚು. ನಿಮ್ಮ ಚೇರ್ ಕೆಳಗೆ ಎಷ್ಟು?

ಸೇಡಂ ರಸ್ತೆ ಕಾಕಾ: 33. ಮೇಸ್ತ್ರಿ ನಂಬರ್ ಮಾತ್ರ ಕೇಳಬೇಡ.